ಎಲ್ಲಾನೂ ‘ಹುಳ’ ಅಂದ್ರೆ ಎಂಗೆ?

ನಮ್ಮ ಹುಳಿಯಾರು ಕಡೆ ತೆಂಗಿನ ಮರಕ್ಕೆ ಏನೇ ಆದ್ರೂ ಒಂದೇ ಮಾತು: ‘ಹುಳ ಬಿದ್ದೈತೆ.’ ಗರಿ ಒಣಗಿದ್ರೂ ಹುಳ, ಸುಳಿ ಮುರಿದ್ರೂ ಹುಳ, ಕಾಯಿ ಮೇಲೆ ಕಂದು ಗಾಯ ಎದ್ರೂ ಹುಳ. ಔಷಧಿ ಅಂಗಡಿಲೂ ಇದನ್ನೇ ಹೇಳಿದ್ರೆ ಯಾವುದೋ ಒಂದು ಬಾಟ್ಲಿ ಕೊಡ್ತಾರೆ. ದುಡ್ಡು ಹೋಗ್ತದೆ, ಹುಳ ಅಲ್ಲೇ ಇರ್ತದೆ.

ಜೀವಿಗಳನ್ನ ವಿಂಗಡಿಸಿ ಹೆಸರಿಡೋದು ಕಾಲೇಜಿನೋರ ಕೆಲಸ, ನಮಗ್ಯಾಕೆ ಅಂತಾರೆ. ನಾನಂತೀನಿ, ಅದು ನಮ್ಮ ಮನೆ ಖರ್ಚಿನ ಲೆಕ್ಕಾನೇ.

ನುಸೀನೇ ತಗೊಳ್ಳಿ. 1998ರಲ್ಲಿ ಕೇರಳದಲ್ಲಿ ಕಾಣಿಸ್ಕೊಂಡಿದ್ದು ಆಮೇಲೆ ನಮ್ಮ ತೋಟಕ್ಕೂ ಬಂತು. ಅದರ ಶಾಸ್ತ್ರೀಯ ಹೆಸರು ಅಸೇರಿಯಾ ಗೆರೆರೋನಿಸ್. ಮೊದಲನೇದು ಕುಲ, ಎರಡನೇದು ಪ್ರಭೇದ. ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ ಇದ್ದಂಗೆ. ಮೆಕ್ಸಿಕೋದ ಗೆರೆರೋ ರಾಜ್ಯದಲ್ಲಿ ಸಿಕ್ಕಿದ್ದಕ್ಕೆ 1965ರಲ್ಲಿ ಆ ಹೆಸರಿಟ್ರು. ವಿಂಗಡಣೆ ಪ್ರಕಾರ ಅದು ಕೀಟಾನೇ ಅಲ್ಲ, ಜೇಡ, ಉಣ್ಣೆಗಳ ಬಳಗ. ಹಂಗಾಗಿ ಕೀಟಕ್ಕೆ ಹೊಡೆಯೋ ಔಷಧಿ ಎಲ್ಲಾ ಅದಕ್ಕೆ ನಾಟಲ್ಲ. ಸಾಲದ್ದಕ್ಕೆ ಕಾಯಿ ತೊಟ್ಟಿನ ಟೋಪಿಯೊಳಗೆ ಅವಿತ್ಕೊಂಡಿರ್ತದೆ.

ಗರಿ ತಿನ್ನೋ ಕಪ್ಪುತಲೆ ಹುಳ ಬೇರೆ. ಅದಕ್ಕೆ ಗೋನಿಯೋಜಸ್ ಅನ್ನೋ ಪುಟ್ಟ ಕಣಜ ಬಿಡ್ತಾರೆ, ಅದು ಆ ಹುಳದ ಮೈಮೇಲೇ ಮೊಟ್ಟೆ ಇಡ್ತದೆ. ನುಸಿಗೆ ಆ ಕಣಜ ಬಿಟ್ರೆ ಏನೂ ಆಗಲ್ಲ. ಸುಳಿ ಕೊರೆಯೋ ಕುರುವಾಯಿ ದುಂಬಿ ಹುಟ್ಟೋದು ನಮ್ಮ ತಿಪ್ಪೇಲೇ. ಮರ ಹತ್ತೋಕೆ ಮುಂಚೆ ತಿಪ್ಪೆ ನೋಡ್ಬೇಕು. ಇನ್ನು ಅಣಬೆ ರೋಗ ಹುಳಾನೂ ಅಲ್ಲ, ಗಿಡಾನೂ ಅಲ್ಲ. ಅಣಬೆಗಳಿಗೆ ವಿಟ್ಟೇಕರ್ ಅನ್ನೋರು 1969ರಲ್ಲಿ ಬೇರೆ ಸಾಮ್ರಾಜ್ಯಾನೇ ಕೊಟ್ರು. ಅದಕ್ಕೆ ಬೇವಿನ ಹಿಂಡಿ ಜೊತೆ ಟ್ರೈಕೋಡರ್ಮ ಹಾಕಿ ಅಂತಾರೆ, ಅದೂ ಒಂದು ಶಿಲೀಂಧ್ರಾನೇ. ಶತ್ರು ಯಾರು ಅಂತ ಗೊತ್ತಾದ್ರೆ ತಾನೇ ಮಿತ್ರ ಯಾರು ಅಂತ ಗೊತ್ತಾಗೋದು?

ಹಂಗಂತ ಶಾಸ್ತ್ರದ ಹೆಸರೇ ಸಾಕು ಅಂತಲೂ ಅಲ್ಲ. ಲಿನೇಯಸ್ 1753ರಲ್ಲಿ ತೆಂಗಿಗೆ ಕೋಕಸ್ ನ್ಯೂಸಿಫೆರಾ ಅಂತ ಹೆಸರಿಟ್ಟ. ಈವಾಗ ಆ ಕುಲದಲ್ಲಿರೋದು ಅದೊಂದೇ ಪ್ರಭೇದ. ನಮ್ಮ ತಿಪಟೂರು ಎತ್ತರದ ತಳಿ, ಗಂಗಬೊಂಡಂ, ಚೌಘಾಟ್ ಗಿಡ್ಡ ತಳಿ ಎಲ್ಲಾ ಅದೇ ಹೆಸರಿನಡಿ. ಆದ್ರೆ ಅಟ್ಟದ ಮೇಲೆ ಉಂಡೆ ಕೊಬ್ಬರಿ ಮಾಡೋರಿಗೆ ಒಂದು ಮರ, ಎಳನೀರು ಮಾರೋರಿಗೆ ಇನ್ನೊಂದು. ಆ ವ್ಯತ್ಯಾಸ ಹಿಡಿದಿಟ್ಟಿರೋದು ತಳಿ ಹೆಸರು. ಅದನ್ನ ಮರೆತು ಬರೀ ‘ತೆಂಗಿನ ಸಸಿ’ ಅಂತ ತಂದು ನೆಟ್ರೆ, ಏನು ನೆಟ್ಟಿದ್ದೀವಿ ಅಂತ ತಿಳಿಯೋದು ವರ್ಷಗಳಾದ ಮೇಲೆ.

ಅದಕ್ಕೇ ಎರಡೂ ಹೆಸರು ಬೇಕು ಕಣ್ರೀ. ಮರಕ್ಕೆ ರೋಗ ಬಂದ್ರೆ ಮೊದ್ಲು ಗರೀನೋ ಕಾಯೀನೋ ತಗೊಂಡು ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಹೆಸರು ಕೇಳಿ, ಚೀಟಿಲಿ ಬರೆಸ್ಕೊಳ್ಳಿ. ಔಷಧಿ ಅಂಗಡಿ ಮೆಟ್ಲು ಹತ್ತೋದು ಆಮೇಲೆ.