ಮೈದಾನವೆಂದರೆ ಮಿಕ್ಕ ಜಾಗವಲ್ಲ

ಸರ್ಕಾರಿ ಶಾಲೆಗೆ ಆಟದ ಮೈದಾನ ರೂಪಿಸುವ ಮಾತು ಬಂದಾಗಲೆಲ್ಲ ಎಸ್‌ಡಿಎಂಸಿ ಸಭೆಯಲ್ಲೂ ಗ್ರಾಮಸಭೆಯಲ್ಲೂ ಹೆಚ್ಚುಕಡಿಮೆ ಅವೇ ಆಕ್ಷೇಪಗಳು ಏಳುತ್ತವೆ. ಎತ್ತುವವರಲ್ಲಿ ಹಲವರು ಶಾಲೆಯ ಹಿತ ಬಯಸುವವರೇ. ಹಾಗಾಗಿ ಒಂದೊಂದಕ್ಕೂ ಸರಿಯಾದ ಉತ್ತರ ಸಲ್ಲಬೇಕು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಕಟ್ಟಡ ಕಟ್ಟಿ ಮಿಕ್ಕಿದ್ದಕ್ಕೆ ಮೈದಾನ ಎಂದು ಹೆಸರಿಡುವ ಪದ್ಧತಿ ನಿಲ್ಲಬೇಕು. ನಕ್ಷೆಯಲ್ಲಿ ಮೈದಾನದ ಗೆರೆ ಮೊದಲು ಬೀಳಬೇಕು.

‘ಮೊದಲು ಕೊಠಡಿ, ಶೌಚಾಲಯ ಆಗಲಿ, ಮೈದಾನ ಆಮೇಲೆ ನೋಡೋಣ.’

ಕೊಠಡಿ ಬೇಕು, ಶೌಚಾಲಯ ಬೇಕೇ ಬೇಕು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇವುಗಳಲ್ಲಿ ಹಿಂದು ಮುಂದು ಮಾಡಿಲ್ಲ. ಅದರ ಅನುಸೂಚಿಯಲ್ಲಿ ಕೊಠಡಿ, ಗಂಡು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಕಾಂಪೌಂಡು ಎಲ್ಲವೂ ಒಂದೇ ಪಟ್ಟಿಯಲ್ಲಿವೆ. ಇನ್ನೊಂದು ಮಾತು: ಕೊಠಡಿಯನ್ನು ಹಳೆಯ ಕಟ್ಟಡದ ಮೇಲೆ ಮಹಡಿಯಾಗಿ ಎಬ್ಬಿಸಬಹುದು, ಶಿಥಿಲವಾದದ್ದನ್ನು ಕೆಡವಿ ಅದೇ ತಳಪಾಯದ ಜಾಗದಲ್ಲಿ ಕಟ್ಟಬಹುದು. ಬಯಲಿಗೆ ಮಹಡಿ ಇಲ್ಲ. ಮೈದಾನದ ನಟ್ಟನಡುವೆ ಒಂದು ಕೊಠಡಿ ಎದ್ದರೆ ಸುತ್ತಲಿನ ಜಾಗವೂ ಆಟಕ್ಕೆ ಬಾರದೆ ಹೋಗುತ್ತದೆ. ಕೊಠಡಿಯ ಅನುದಾನ ಎರಡು ವರ್ಷ ತಡವಾಗಿ ಬಂದೀತು. ಕಳೆದುಕೊಂಡ ಬಯಲು ಮಾತ್ರ ಮತ್ತೆ ದಕ್ಕುವುದಿಲ್ಲ.

‘ಆಟಕ್ಕೆ ಬಿಟ್ಟರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿಯುತ್ತದೆ.’

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ಓಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಬೆಳಿಗ್ಗೆ ಬಸ್ಸು, ಸಂಜೆ ಟ್ಯೂಷನ್ ಹಿಡಿಯುವ ಇಂದಿನ ಮಗುವಿಗೆ ಆ ಒಂದು ಗಂಟೆ ಸಿಗುವ ಜಾಗ ಶಾಲೆಯೊಂದೇ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವಿನ ದೈಹಿಕ ಸಾಮರ್ಥ್ಯ ಪೂರ್ತಿಯಾಗಿ ಅರಳಬೇಕೆಂದು ಹೇಳುತ್ತದೆ. ಹೀಗಿರುವಾಗ ಪಿ.ಟಿ. ಪಿರಿಯಡ್ಡನ್ನು ಕಿತ್ತು ಗಣಿತಕ್ಕೆ ಕೊಡುವುದು ಮಗುವಿನ ಪಾಲನ್ನು ಕಸಿದಂತೆ.

‘ಮೈದಾನಕ್ಕೆ ನಾಲ್ಕೈದು ಎಕರೆ ಬೇಕು, ನಮ್ಮಲ್ಲಿ ಎಲ್ಲಿದೆ?’

ಎಲ್ಲರೂ ಒಪ್ಪಿಬಿಡುವ ಆಕ್ಷೇಪ ಇದು. ಅಳತೆ ಪಟ್ಟಿ ಹಿಡಿದರೆ ಇದು ನಿಲ್ಲುವುದಿಲ್ಲ. ಎಂಟು ಪಥಗಳ 400 ಮೀಟರ್ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ ಬೇಕು. ಅದು ನಾಲ್ಕು ಎಕರೆ, ನಿಜ. ಆದರೆ ಹಳ್ಳಿಯ ಶಾಲೆಗೆ ಅಂಥ ಟ್ರ್ಯಾಕ್ ಬೇಕೆಂದು ಯಾರೂ ಕೇಳುತ್ತಿಲ್ಲ.

ಹಿರಿಯರ ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಸುತ್ತ ಮೂರು ಮೀಟರ್ ಬಿಟ್ಟರೂ ಏಳು ಗುಂಟೆಯ ಆಸುಪಾಸು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ ಮೂರು ಮೀಟರ್ ಸೇರಿಸಿದರೆ ಮೂರೂವರೆ ಗುಂಟೆ. ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಅದಕ್ಕೂ ಅಷ್ಟೇ ಬಿಟ್ಟರೆ ಎರಡೂವರೆ ಗುಂಟೆ. ಮೂರೂ ಕೂಡಿ 13 ಗುಂಟೆ. ಅರ್ಧ ಎಕರೆಯಲ್ಲಿ ಇನ್ನೂ ಏಳು ಗುಂಟೆ ಉಳಿಯಿತು. ಅಲ್ಲಿ ಲಾಂಗ್ ಜಂಪ್ ಗುಂಡಿ ತೋಡಬಹುದು, ಒಂದನೇ ಎರಡನೇ ತರಗತಿಯ ಮಕ್ಕಳಿಗೆ ಆಡಲು ಬಯಲು ಬಿಡಬಹುದು. ಅಂಕಣಗಳ ಉದ್ದ ಉತ್ತರ ದಕ್ಷಿಣವಾಗಿದ್ದರೆ ಬೆಳಗಿನ, ಸಂಜೆಯ ಬಿಸಿಲು ಮಕ್ಕಳ ಕಣ್ಣಿಗೆ ನೇರ ಹೊಡೆಯುವುದಿಲ್ಲ. ಇದಕ್ಕೆಲ್ಲ ಬೇಕಾದದ್ದು ನಕ್ಷೆ. ಅದಿಲ್ಲದ ಎರಡು ಎಕರೆಯೂ ಜಾಲಿಮುಳ್ಳು ಬೆಳೆಯುವ ಬೀಡಾಗುತ್ತದೆ.

‘ಅಷ್ಟು ದುಡ್ಡು ಯಾರು ಕೊಡುತ್ತಾರೆ?’

ಸಿಂಥೆಟಿಕ್ ಹಾಸನ್ನು ನೆನೆದು ಈ ಪ್ರಶ್ನೆ ಕೇಳುತ್ತಾರೆ. ಶಾಲಾ ಮೈದಾನಕ್ಕೆ ಬೇಕಾದದ್ದು ಮಟ್ಟ ಮಾಡಿದ ನೆಲ, ಗರಸು ಮತ್ತು ಕೆಂಪು ಮಣ್ಣಿನ ಹಾಸು, ರೋಲರ್, ಸುಣ್ಣದ ಗೆರೆ. ಎಲ್ಲಕ್ಕಿಂತ ಮುಖ್ಯವಾದದ್ದು ನೀರು ಹರಿದುಹೋಗುವ ವ್ಯವಸ್ಥೆ: ನೂರು ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರು, ಅಂಚಿಗೆ ಚರಂಡಿ. ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದು ಮಳೆಗಾಲದ ತಿಂಗಳುಗಳಲ್ಲಿ. ತಯಾರಿಯ ಹೊತ್ತಿಗೇ ನೆಲ ಕೆಸರಾದರೆ ಮಕ್ಕಳು ಎಲ್ಲಿ ಆಡಬೇಕು? ಎರೆ ಮಣ್ಣಿನ ಊರುಗಳಲ್ಲಂತೂ ಮೇಲೆ ಗರಸು ಹಾಕದೆ ಗತಿಯಿಲ್ಲ. ನರೇಗಾ ಕಾಮಗಾರಿಗಳ ಪಟ್ಟಿಯಲ್ಲಿ ಆಟದ ಮೈದಾನವೂ ಇತ್ತು. ರಾಜ್ಯದ ಹಲವು ಪಂಚಾಯಿತಿಗಳು ಅದರಡಿ ಶಾಲಾ ಮೈದಾನ ಮಾಡಿಸಿಕೊಂಡಿವೆ. ಅರ್ಜಿ ಹಾಕದೆ ಸುಮ್ಮನೆ ಕುಳಿತ ಊರಿಗೆ ಅನುದಾನ ತಾನಾಗಿ ಹುಡುಕಿಕೊಂಡು ಬರುವುದಿಲ್ಲ.

‘ಮೈದಾನದಲ್ಲಿ ಆಡುವುದು ಗಂಡುಮಕ್ಕಳು ಮಾತ್ರ.’

ಇಂದಿನ ಸ್ಥಿತಿಯ ಬಗ್ಗೆ ಇದು ಬಹುಪಾಲು ನಿಜ. ಇಡೀ ಬಯಲನ್ನು ಒಂದೇ ಕ್ರಿಕೆಟ್ ಪಂದ್ಯ ನುಂಗಿದರೆ ಹೆಣ್ಣುಮಕ್ಕಳು ಗೋಡೆಗೆ ಒರಗಿ ನಿಲ್ಲದೆ ಇನ್ನೇನು ಮಾಡಬೇಕು? ಆದರೆ ಇದು ಮೈದಾನವನ್ನು ಯೋಜಿಸಿ ಹಂಚಬೇಕು ಎನ್ನುವುದಕ್ಕೆ ಕಾರಣವೇ ಹೊರತು ಮೈದಾನ ಬೇಡ ಎನ್ನುವುದಕ್ಕಲ್ಲ. ಹೆಣ್ಣುಮಕ್ಕಳಿಗೆ ತಮ್ಮದೇ ಅಂಕಣ, ವೇಳಾಪಟ್ಟಿಯಲ್ಲಿ ತಮ್ಮದೇ ಹೊತ್ತು, ಹತ್ತಿರದಲ್ಲೇ ನೀರಿರುವ ಶೌಚಾಲಯ ಇರಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ ಎಲ್ಲಿಯವರೆಗೆ ಓಡಬಲ್ಲಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

‘ಆ ಜಾಗ ಊರಿನದು, ಬೇಲಿ ಹಾಕುವ ಹಕ್ಕು ಶಾಲೆಗಿಲ್ಲ.’

ಸಂಜೆ, ರಜಾದಿನಗಳಲ್ಲಿ ಊರ ಮಕ್ಕಳೆಲ್ಲರಿಗೂ ಗೇಟು ತೆರೆದಿರಲಿ. ಅದನ್ನು ನಾನೂ ಒಪ್ಪುತ್ತೇನೆ. ಶಾಮಿಯಾನದ ಗೂಟ, ಲಾರಿ ನಿಲುಗಡೆ, ಪಕ್ಕದ ಹೊಲದವರ ಒತ್ತುವರಿ ಬೇರೆಯ ಮಾತು. ಹರಿಯಾಣದ ಯಮುನಾನಗರ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲಾ ಮೈದಾನದ ಜಾಗ ಒತ್ತುವರಿಯಾಗಿತ್ತು. ಬೆಲೆ ಕಟ್ಟಿಸಿಕೊಂಡು ಅದನ್ನು ಸಕ್ರಮ ಮಾಡಲು 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೈದಾನವಿಲ್ಲದೆ ಶಾಲೆ ಇರಲಾಗದು ಎಂದು ಹೇಳಿ ತೆರವಿಗೆ ಆದೇಶಿಸಿತು. ಆ ಪೀಠದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಇದ್ದರು.

ಆದ್ದರಿಂದ ಆಕ್ಷೇಪಿಸುವವರಲ್ಲಿ ನನ್ನ ವಿನಂತಿ ಇಷ್ಟು. ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗವಾಗಿದ್ದರೆ ದಾನಪತ್ರ ನೋಂದಾಯಿಸಿ, ಪಹಣಿಯಲ್ಲಿ ಶಾಲೆಯ ಹೆಸರು ಬರುವಂತೆ ಮಾಡಿ. ಭೂಮಾಪಕರನ್ನು ಕರೆಸಿ ಹದ್ದುಬಸ್ತು ಮಾಡಿಸಿ. ಪಿ.ಟಿ. ಮೇಷ್ಟ್ರನ್ನೂ ಆಡುವ ಮಕ್ಕಳನ್ನೂ ಕೂರಿಸಿಕೊಂಡು ಅಂಕಣಗಳ ನಕ್ಷೆ ಬರೆದು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ. ಅದರ ಮೇಲೆ ತಕರಾರಿದ್ದರೆ ನಕ್ಷೆಯನ್ನೇ ಮುಂದಿಟ್ಟುಕೊಂಡು ಮಾತಾಡೋಣ; ಮಕ್ಕಳಿಗೆ ಮೈದಾನ ಬೇಕೇ ಬೇಡವೇ ಎಂಬ ಚರ್ಚೆಯನ್ನು ಕಾನೂನು ಎಂದೋ ಮುಗಿಸಿಯಾಗಿದೆ.