ಊಟವೇ ಔಷಧಿಯಾದಾಗ

ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಊಟ ತಿಂಡಿ ಮರೆಯುವುದು ಹೊಸದೇನಲ್ಲ. ಓದಿನ ಭರದಲ್ಲಿ ಒಂದು ಹೊತ್ತು ತಪ್ಪುತ್ತದೆ, ಪರೀಕ್ಷೆ ಮುಗಿದ ಮರುದಿನ ಒಂದು ಮುದ್ದೆ ಹೆಚ್ಚಿಗೇ ಇಳಿಯುತ್ತದೆ. ಆದರೆ ಕೆಲವು ಮನೆಗಳಲ್ಲಿ ಹಾಗಾಗುವುದಿಲ್ಲ. ಮೊದಲು ಸಿಹಿ ಬಿಟ್ಟ ಮಗಳು ಆಮೇಲೆ ಎಣ್ಣೆ ಪದಾರ್ಥ ಬಿಡುತ್ತಾಳೆ, ಕೊನೆಗೆ ಅನ್ನ, ಮುದ್ದೆಯನ್ನೂ ಬಿಡುತ್ತಾಳೆ. ‘ಸ್ಕೂಲಲ್ಲೇ ತಿಂದೆ’, ‘ಹೊಟ್ಟೆ ಉಬ್ಬರ’, ‘ಇವತ್ತು ಒಪ್ಪತ್ತು’ ಎಂದು ದಿನಕ್ಕೊಂದು ಕಾರಣ. ಮೂಳೆ ಕಾಣುವಷ್ಟು ಮೈ ಇಳಿದಿದ್ದರೂ ತಾನು ದಪ್ಪ ಎಂಬ ನಂಬಿಕೆ ಮಾತ್ರ ಕರಗುವುದಿಲ್ಲ.

ಇದನ್ನು ಹಟ ಎಂದು ಗದರುವವರುಂಟು, ದೃಷ್ಟಿ ತಗುಲಿದೆ ಎಂದು ನಿವಾಳಿಸುವವರುಂಟು. ವೈದ್ಯರು ಇದನ್ನು ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆಯೆಂದು ಗುರುತಿಸಿ ನೂರೈವತ್ತು ವರ್ಷಗಳಾದವು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ ಎಂಬ ವೈದ್ಯರು ಇದನ್ನು ಬೇರೆ ಬೇರೆಯಾಗಿ ವಿವರಿಸಿದರು. ಒಮ್ಮೆಲೇ ಮಿತಿಮೀರಿ ತಿಂದು, ಆಮೇಲೆ ಹೆದರಿ ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಇದರ ಸೋದರ. ಅದನ್ನು ಪ್ರತ್ಯೇಕ ಕಾಯಿಲೆಯೆಂದು 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ವೈದ್ಯರು ವಿವರಿಸಿದರು. ಹುಡುಗಿಯರಲ್ಲಿ ಹೆಚ್ಚು ಕಂಡರೂ ಹುಡುಗರಿಗೂ ಇವು ಬರುತ್ತವೆ.

‘ಇದೆಲ್ಲ ದೊಡ್ಡ ಪಟ್ಟಣದ, ಸಿರಿವಂತರ ಮನೆಯ ಕಾಯಿಲೆ, ಹಿರಿಯೂರು, ಹೊಳಲ್ಕೆರೆಯಲ್ಲಿ ಎಲ್ಲಿಂದ ಬರಬೇಕು?’ ಎಂದು ಕೇಳಬಹುದು. ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಮೂವರಲ್ಲಿ ಇಬ್ಬರು ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದಾಗಿ ಹೇಳಿದ್ದರು. ಹೊಸದುರ್ಗದ ಮಕ್ಕಳು ಇಂದು ನೋಡುವ ಮೊಬೈಲ್ ಪರದೆ ಬೆಂಗಳೂರಿನ ಮಕ್ಕಳು ನೋಡುವುದೇ. ಪಿಯುಸಿಗೆಂದು ಚಿತ್ರದುರ್ಗ, ದಾವಣಗೆರೆಯ ಹಾಸ್ಟೆಲ್ ಸೇರಿದ ಮಗು ಏನು ಉಂಡಿತು, ಏನು ಬಿಟ್ಟಿತು ಎಂದು ನೋಡಲು ಅಲ್ಲಿ ತಾಯಿಯಿಲ್ಲ. ದಸರೆ ರಜೆಗೆ ಬಂದಾಗಲೇ ಮನೆಯವರು ಬೆಚ್ಚಿಬೀಳುವುದು.

ಹಸಿವು ಮನಸ್ಸನ್ನೂ ತಿನ್ನುತ್ತದೆ

ತಂದೆತಾಯಿಗಳು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿಯೇ ಮುಂದೆ ಬಂದ 36 ಮಂದಿ ಆರೋಗ್ಯವಂತ ತರುಣರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಗಟ್ಟಿ ಮನಸ್ಸಿನ ಆ ತರುಣರು ಮಂಕಾದರು, ಸಿಡುಕರಾದರು, ಗೆಳೆಯರಿಂದ ದೂರವಾದರು. ಹಗಲಿರುಳೂ ಅನ್ನದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಹಾಕತೊಡಗಿದರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಕೆದಕುತ್ತ ಕೂರುವವರೂ ಇದ್ದರು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಆಸೆಯಿರಲಿಲ್ಲ. ಹಸಿವೊಂದೇ ಅವರನ್ನು ಹಾಗೆ ಮಾಡಿತ್ತು.

ನಿಮ್ಮ ಮಗಳ ಸಿಡುಕು, ಸುಳ್ಳು, ತಟ್ಟೆಯ ಮುಂದಿನ ಕಣ್ಣೀರು ಇವೆಲ್ಲದರ ಹಿಂದೆ ಹಸಿದ ಮೆದುಳಿದೆ. ಅದಕ್ಕೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ. ಮೊದಲು ಅನ್ನ ಬೀಳಬೇಕು. ದೇಹದ ತೂಕ ಮರಳಿದ ಮೇಲೂ ಮನಸ್ಸು ತಿಳಿಯಾಗಲು ತಿಂಗಳುಗಳೇ ಬೇಕಾಗಬಹುದು.

ಯಾರ ಬಳಿಗೆ ಹೋಗಬೇಕು?

ಮೊದಲ ಹೆಜ್ಜೆ ನಿಮ್ಮ ಊರಿನ ವೈದ್ಯರೇ. ನಾಡಿ, ರಕ್ತದೊತ್ತಡ, ತೂಕ, ರಕ್ತಪರೀಕ್ಷೆ, ಇಸಿಜಿ ಇವಿಷ್ಟು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಆಗುವಂಥವು. ಮೈ ಇಳಿಯಲು ಥೈರಾಯ್ಡ್, ಕ್ಷಯ, ಸಕ್ಕರೆ ಕಾಯಿಲೆ ಕಾರಣವೇ ಎಂಬುದೂ ಆಗಲೇ ತಿಳಿಯುತ್ತದೆ. ಆಮೇಲೆ ಮನೋವೈದ್ಯರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಚಿತ್ರದುರ್ಗದಲ್ಲೂ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಬಲಿತಿದ್ದರೆ ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ.

ತಲೆಸುತ್ತಿ ಬೀಳುವುದು, ನಾಡಿ ತೀರಾ ನಿಧಾನವಾಗುವುದು, ಎದೆ ಡವಗುಟ್ಟುವುದು, ನೀರನ್ನೂ ಬೇಡವೆನ್ನುವುದು, ಸಾಯುವ ಮಾತಾಡುವುದು ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮುಟ್ಟು ನಿಂತು ಮೂರು ತಿಂಗಳಾಗಿದ್ದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ಇನ್ನೊಂದು ಎಚ್ಚರ: ಬಹಳ ದಿನ ಉಪವಾಸವಿದ್ದ ಮಗುವಿಗೆ ಒಮ್ಮೆಲೇ ಹೊಟ್ಟೆ ಬಿರಿಯ ಉಣಿಸಬೇಡಿ. ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಆರಂಭದ ದಿನಗಳ ಊಟದ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಮನೆಯೇ ಆಸ್ಪತ್ರೆ

ಒಂದು ಕಾಲದಲ್ಲಿ ಈ ಕಾಯಿಲೆಗೆ ತಂದೆತಾಯಿಗಳೇ ಕಾರಣವೆಂದು ದೂರಿ ಮಗುವನ್ನು ಅವರಿಂದ ಬೇರ್ಪಡಿಸುತ್ತಿದ್ದರು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ವೈದ್ಯರು 1980ರ ದಶಕದಲ್ಲಿ ಆ ದಾರಿ ಬಿಟ್ಟು ಮನೆಯವರನ್ನೇ ಚಿಕಿತ್ಸೆಗೆ ಕೂರಿಸಿಕೊಂಡರು. ಹದಿವಯಸ್ಸಿನಲ್ಲಿ ಶುರುವಾಗಿ ಮೂರು ವರ್ಷ ದಾಟದ ಕಾಯಿಲೆಯಲ್ಲಿ ಈ ವಿಧಾನ ಹೆಚ್ಚು ಫಲ ಕೊಡುತ್ತದೆಂದು ಅವರ 1987ರ ಅಧ್ಯಯನ ತೋರಿಸಿತು. ಮಕ್ಕಳ ಅನೊರೆಕ್ಸಿಯಾಕ್ಕೆ ಇಂದಿಗೂ ಮೊದಲು ಸೂಚಿಸುವುದು ಇದನ್ನೇ.

ಇದರ ತಿರುಳು ಸರಳ. ಸ್ವಲ್ಪ ಕಾಲ ಊಟದ ತೀರ್ಮಾನ ಮಗುವಿನದಲ್ಲ, ತಂದೆತಾಯಿಗಳದು. ಏನು, ಎಷ್ಟು, ಯಾವಾಗ ಎಂಬುದನ್ನು ನೀವೇ ಬಡಿಸಿ, ಪಕ್ಕದಲ್ಲೇ ಕೂತು ಉಣ್ಣಿ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ತಿಂಡಿ. ನಮ್ಮ ಸೀಮೆಯ ಮನೆಗಳಿಗೆ ಇದಕ್ಕೆ ಪೇಟೆಯ ಡಬ್ಬಿ ಪುಡಿ ಬೇಕಿಲ್ಲ. ಮುದ್ದೆ, ಕಾಳಿನ ಸಾರು, ತುಪ್ಪ, ಮೊಸರು, ಶೇಂಗಾ ಉಂಡೆ, ತೆಂಗಿನಕಾಯಿ ಚಟ್ನಿ ಎಲ್ಲವೂ ಬಲ ಕೊಡುವಂಥವೇ.

ಕೂರುವುದು ಸುಲಭ, ಸುಮ್ಮನೆ ಕೂರುವುದು ಕಷ್ಟ. ಕೂಗಾಟ, ಆಣೆ, ಲಂಚ, ‘ನಿನಗೋಸ್ಕರ ಇಷ್ಟೆಲ್ಲ ಮಾಡಿದೆ’ ಎಂಬ ಗೋಳು ಯಾವುದೂ ಬೇಡ. ‘ಇದು ನಿನ್ನ ಔಷಧಿ ಕಣಮ್ಮ. ಎಷ್ಟು ಹೊತ್ತಾದರೂ ನಾನಿಲ್ಲೇ ಕೂತಿರ್ತೀನಿ’ ಎಂದು ಮೆಲ್ಲಗೆ ಹೇಳಿ, ಅದನ್ನೇ ಮತ್ತೆ ಹೇಳಿ. ಆ ಹೊತ್ತಿನಲ್ಲಿ ತೂಕದ ಮಾತು, ಮಾರ್ಕ್ಸ್ ಮಾತು ಬೇಡ. ಹೊಲದ್ದೋ ಸಿನಿಮಾದ್ದೋ ಮಾತಾಡಿ. ಊಟವಾದ ಮೇಲೆ ಒಂದು ಗಂಟೆ ಜೊತೆಯಲ್ಲೇ ಇರಿ. ಭಯ ಹೆಚ್ಚಾಗುವುದು ಆಗಲೇ.

ಮನೆಮಂದಿಯದು ಒಂದೇ ಮಾತಾಗಿರಲಿ. ಅಪ್ಪ ‘ಉಣ್ಣು’ ಎನ್ನುವುದು, ಅಜ್ಜಿ ಒಳಗೆ ಬಂದು ‘ಪಾಪ, ಬೇಡ ಅಂದರೆ ಬಿಡು’ ಎನ್ನುವುದು ನಡೆದರೆ ಕಾಯಿಲೆ ಆ ಸಂದಿಯಲ್ಲೇ ನುಸುಳುತ್ತದೆ. ಅಜ್ಜಿಗೂ ವಿಷಯ ತಿಳಿಸಿ. ಶಿವರಾತ್ರಿ, ಏಕಾದಶಿಯ ಉಪವಾಸ ಚಿಕಿತ್ಸೆ ಮುಗಿಯುವವರೆಗೆ ಈ ಮಗುವಿಗಿಲ್ಲ ಎಂದು ಎಲ್ಲರೂ ಒಪ್ಪಿಕೊಳ್ಳಲಿ. ಕಾಯಿಲೆಯವರಿಗೆ ಉಪವಾಸದ ಕಟ್ಟಳೆಯಿಲ್ಲ ಎಂಬುದು ನಮ್ಮ ಹಿರಿಯರೇ ಹೇಳಿದ ಮಾತು. ಅಕ್ಕನ ಆರೈಕೆಯ ಗಲಾಟೆಯಲ್ಲಿ ತಮ್ಮ ಮೂಲೆಗುಂಪಾಗದಂತೆಯೂ ನೋಡಿಕೊಳ್ಳಿ.

ತೂಕ ಏರಿ ಮಗು ನೆಮ್ಮದಿಯಾಗಿ ಉಣ್ಣತೊಡಗಿದ ಮೇಲೆ ಊಟದ ಜವಾಬ್ದಾರಿಯನ್ನು ಒಂದೊಂದಾಗಿ ಅದಕ್ಕೇ ಮರಳಿಸಬೇಕು. ಮೊದಲು ಸಂಜೆಯ ತಿಂಡಿ, ಆಮೇಲೆ ಶಾಲೆಯ ಬುತ್ತಿ, ಕೊನೆಗೆ ಹಾಸ್ಟೆಲ್. ಇದಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ನಡುವೆ ಕಾಯಿಲೆ ಮರುಕಳಿಸಿದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ. ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಪಕ್ಕದಲ್ಲಿ ಕೂರಿ.

ನೆಂಟರಿಗೂ ಒಂದು ಮಾತು. ಚೇತರಿಸಿಕೊಳ್ಳುತ್ತಿರುವ ಹುಡುಗಿಯನ್ನು ಮದುವೆ ಮನೆಯಲ್ಲಿ ಕಂಡು ‘ಈಗ ದುಂಡಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ’ ಎಂದು ಮೆಚ್ಚುವವರಿದ್ದಾರೆ. ಅವಳ ಕಿವಿಗೆ ಬೀಳುವುದು ‘ದುಂಡಗೆ’ ಎಂಬ ಮಾತೊಂದೇ. ‘ಓದು ಹೇಗಿದೆ? ಹಾಡು ಕಲಿಯೋದು ಬಿಟ್ಟಿಲ್ಲ ತಾನೆ?’ ಎಂದರೆ ಸಾಕು.

ಪರೀಕ್ಷೆ ಮುಗಿಯಲಿ ಎನ್ನಬೇಡಿ

ಇಷ್ಟೆಲ್ಲ ತಿಳಿದ ಮೇಲೂ ತಂದೆತಾಯಿಗಳ ಬಾಯಲ್ಲಿ ಬರುವ ಒಂದು ಮಾತು ಅತ್ಯಂತ ಅಪಾಯದ್ದು: ‘ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ತೋರಿಸೋಣ.’ ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಪ್ರಾಣ ತೆಗೆಯುವ ಕೆಲವೇ ಕಾಯಿಲೆಗಳಲ್ಲಿ ಅನೊರೆಕ್ಸಿಯಾ ಒಂದು. ಮೊದಲ ವರ್ಷದಲ್ಲಿ ಹಿಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಕಾಯಿಸಿದಷ್ಟೂ ಅದು ಬೇರು ಬಿಡುತ್ತದೆ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಒಂದೇ ವರ್ಷದಲ್ಲಿ ಮತ್ತೊಮ್ಮೆ ಬರೆಯುವ ಅವಕಾಶವಿದೆ. ನಿಂತುಹೋದ ಹೃದಯಕ್ಕೆ ಮರುಪರೀಕ್ಷೆಯಿಲ್ಲ. ಮುಖ್ಯೋಪಾಧ್ಯಾಯರನ್ನು ಕಂಡು ವಿಷಯ ಹೇಳಿ. ಹಾಜರಾತಿ, ಆಟದ ಪೀರಿಯಡ್ಡಿನ ವಿನಾಯಿತಿ, ಮಧ್ಯಾಹ್ನದ ಊಟಕ್ಕೆ ಜೊತೆಗೊಬ್ಬ ಶಿಕ್ಷಕಿ ಇವನ್ನೆಲ್ಲ ಕೇಳಿ ನೋಡಿ. ಬಹಳಷ್ಟು ಶಿಕ್ಷಕರು ಇಲ್ಲ ಎನ್ನುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಬೆಂಚಿನ ಗೆಳತಿ ದಿನವೂ ಬುತ್ತಿ ಹಂಚಿಬಿಟ್ಟು ತಾನು ಖಾಲಿ ಹೊಟ್ಟೆಯಲ್ಲಿ ಕೂರುತ್ತಿದ್ದರೆ, ಪ್ರಾರ್ಥನೆಯ ಹೊತ್ತಿಗೆ ಎರಡು ಸಲ ತಲೆಸುತ್ತಿ ಬಿದ್ದಿದ್ದರೆ ನಂಬಿಕೆಯ ಒಬ್ಬ ಟೀಚರಿಗೆ ಹೇಳಿ. ಅದು ಚಾಡಿಯಾಗುವುದಿಲ್ಲ. ಆ ಗೆಳತಿ ನೀವೇ ಆಗಿದ್ದರೆ, ಇಂದು ರಾತ್ರಿ ಅಮ್ಮನಿಗೆ ‘ಉಣ್ಣಕ್ಕೆ ಭಯ ಆಗುತ್ತೆ’ ಎಂಬ ಒಂದೇ ಮಾತು ಹೇಳಿ ನೋಡಿ. ಉಳಿದದ್ದನ್ನು ದೊಡ್ಡವರು ನೋಡಿಕೊಳ್ಳಲಿ. ಅದು ಅವರ ಕೆಲಸ.