ಇದು ಹತ್ತು ಕಿಲೋಮೀಟರ್ ಉದ್ದದ ಜಾತಿ



ಹೋದ ವಾರ ನಮ್ಮ ಮ್ಯಾನೇಜರು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ಹೊಗಳಿದರು. "ನಿನ್ನದೇ ಒಳ್ಳೆ ಬದುಕು ಕಣಯ್ಯ. ಪೆಟ್ರೋಲ್ ಖರ್ಚಿಲ್ಲ, ಹೊಗೆ ಇಲ್ಲ, ಬೊಜ್ಜು ಇಲ್ಲ." ಅವರು ಕಾರಲ್ಲಿ ಬರ್ತಾರೆ. ಭಾನುವಾರ ಮಾತ್ರ ಮೈಗಂಟಿದ ಬಟ್ಟೆ ತೊಟ್ಟು, ನನ್ನ ನಾಲ್ಕು ತಿಂಗಳ ಸಂಬಳದ ಸೈಕಲ್ಲಲ್ಲಿ ಚಾಮುಂಡಿಬೆಟ್ಟ ಹತ್ತಿ ಫೋಟೋ ಹಾಕ್ತಾರೆ. ಹತ್ತಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಅವರ ಸೈಕಲ್ಲೂ ನನ್ನ ಸೈಕಲ್ಲೂ ಒಂದೇ ಎಂದರೆ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ಅಲ್ಲಿ ಮುಚ್ಚಿಕೊಂಡಿದ್ದೆ, ಸಂಬಳದ ಪ್ರಶ್ನೆ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಾನು ಮೈಸೂರಿನ ಅಶೋಕಪುರಂನಲ್ಲಿ ಚಿಕ್ಕಪ್ಪನ ಮನೆಯ ಹಜಾರದಲ್ಲಿ ಮಲಗೋನು. ಕೆಲಸ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಗೋಡೌನಿನಲ್ಲಿ, ಸರಕಿನ ಲೆಕ್ಕ ಬರೆಯೋದು. ಬಿ.ಎ. ಓದಿ, ಕವಿತೆ ಬರೆದು, ಕೊನೆಗೆ ಬರೆಯಲು ಸಿಕ್ಕಿದ್ದು ಮೂಟೆಗಳ ಸಂಖ್ಯೆ. ಬೆಳಿಗ್ಗೆ ಏಳಕ್ಕೆ ಹೊರಟರೆ ರಾಮಸ್ವಾಮಿ ವೃತ್ತ, ರೈಲ್ವೆ ಸ್ಟೇಷನ್, ಕೆ.ಆರ್.ಎಸ್. ರಸ್ತೆ. ಹತ್ತಿರ ಹತ್ತಿರ ಹತ್ತು ಕಿಲೋಮೀಟರ್. ಬಸ್ಸಿನವನು ಹಾರನ್ ಹೊಡೆದು ಎಡಕ್ಕೆ ತಳ್ತಾನೆ, ಎಡಗಡೆ ಕಾರು ನಿಲ್ಲಿಸಿರ್ತಾರೆ. ಮಳೆ ಬಂದರೆ ಬುತ್ತಿಯ ಸಾರು ಲೆಕ್ಕದ ಪುಸ್ತಕಕ್ಕೆ ಇಳಿಯುತ್ತೆ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳಕ್ಕೆ ಕತ್ತರಿ. ಪಂಕ್ಚರ್ ಆಯ್ತು ಎಂದರೆ ನಗ್ತಾರೆ, ಕಾರಿನವನು ಟ್ರಾಫಿಕ್ ಎಂದರೆ ತಲೆದೂಗ್ತಾರೆ.

ಕೆಲಸದ ಹತ್ತಿರವೇ ರೂಮು ಮಾಡಬಾರದೇ ಅಂತ ನೀವು ಕೇಳಬಹುದು. ಮಾಡಲು ಹೋಗಿದ್ದೆ ಸ್ವಾಮಿ! ಮೂರು ಮನೆ ನೋಡಿದೆ. ಮೊದಲನೆಯವರು "ಊಟ ಏನು?" ಎಂದರು. ಎರಡನೆಯವರು "ಯಾವ ಕಡೆಯವರು?" ಎಂದರು. ಮೂರನೆಯವರು ಬಹಳ ಒಳ್ಳೆಯವರು, ಕೂರಿಸಿದರು, ಕಾಫಿ ತರಿಸಿದರು. ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಊರು ಕೇಳಿದರು, ಊರಲ್ಲಿ ಮನೆ ಯಾವ ಬೀದೀಲಿ ಅಂತ ಕೇಳಿದರು. ಅಷ್ಟೊತ್ತಿಗೆ ಕಾಫಿ ಬಂತು. ಅವರಿಗೆ ಸ್ಟೀಲಿನ ಲೋಟ, ನನಗೆ ಕಾಗದದ್ದು. "ನಮ್ಮ ತಾಯಿಯವರು ಸ್ವಲ್ಪ ಮಡಿ, ನಮಗೇನಿಲ್ಲಪ್ಪ" ಎಂದರು. ಇವರ ಮನೆಗಳಲ್ಲಿ ಜಾತಿ ಮಾಡೋರು ಯಾವಾಗಲೂ ತಾಯಿಯವರೇ!

ನನ್ನ ಪಕ್ಕದ ಮೇಜಿನವನಿಗೂ ನನ್ನಷ್ಟೇ ಸಂಬಳ. ಅವನಿಗೆ ಅದೇ ಬೀದಿಯಲ್ಲಿ ಮನೆ ಸಿಕ್ಕಿತು. ನಡೆದುಕೊಂಡು ಬರ್ತಾನೆ.

ಈಗ ಲೆಕ್ಕ ಹಾಕಿ. ದಿನಕ್ಕೆ 20 ಕಿಲೋಮೀಟರ್, ತಿಂಗಳಿಗೆ 26 ದಿನ, 520 ಕಿಲೋಮೀಟರ್. ವರ್ಷಕ್ಕೆ 6,240. ಮೈಸೂರಿಂದ ದೆಹಲಿಗೆ ಹೋಗಿ ಬಂದರೂ ಇನ್ನೂ ಮಿಗುತ್ತೆ. ದಿನಕ್ಕೆ ಒಂದೂವರೆ ಗಂಟೆಯಂತೆ ತಿಂಗಳಿಗೆ 39 ಗಂಟೆ. ಆ 39 ಗಂಟೆಯಲ್ಲಿ ಅವನು ಪರೀಕ್ಷೆಗೆ ಓದ್ತಾನೆ. ಪಾಸಾದ ಮೇಲೆ ಅದಕ್ಕೆ ಮೆರಿಟ್ ಅಂತ ಹೆಸರಿಡ್ತಾನೆ. ನಾನು ಮನೆ ಸೇರಿ ಪುಸ್ತಕ ತೆರೆದರೆ ಮೊದಲನೇ ಪುಟದಲ್ಲೇ ಕಣ್ಣು ಮುಚ್ಚಿಕೊಳ್ಳುತ್ತೆ. ಮನೆಗೂ ಕೆಲಸಕ್ಕೂ ನಡುವೆ ಇರೋದು ದೂರ ಅಲ್ಲ ಕಣ್ರಪ್ಪ. ಅದು ಜಾತಿ. ಟಾರು ಹಾಕಿದ್ದಾರೆ ಅಷ್ಟೇ.

ನಮ್ಮಪ್ಪನಿಗೂ ಒಂದು ಸೈಕಲ್ ಇತ್ತು, ಎರಡನೇ ಕೈಯದು. ಕೇರಿಯಲ್ಲಿ ಹತ್ತೋನು, ಊರೊಳಗಿನ ಬೀದಿ ಬಂದ ಕೂಡಲೇ ಇಳಿಯೋನು, ಚಪ್ಪಲಿ ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಿ ತಳ್ಕೊಂಡು ಹೋಗೋನು. ಆ ಬೀದಿ ದಾಟಿದ ಮೇಲೆ ಮತ್ತೆ ಹತ್ತೋನು. ಚಿಕ್ಕವನಿದ್ದಾಗ ನಾನು ಆ ಜಾಗದಲ್ಲಿ ಮುಳ್ಳು ಇರಬೇಕು ಅಂದ್ಕೊಂಡಿದ್ದೆ.

ಇದು ನಮ್ಮೂರಿನ ಹಳೇ ಕಥೆ ಅಂತ ತಳ್ಳಿಹಾಕೋರು ಕಾನೂನು ಪುಸ್ತಕ ತೆರೆದು ನೋಡಲಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದರು, 2016ರ ಜನವರಿ 26ರಿಂದ ಜಾರಿಗೆ ಬಂತು. ದಲಿತರು ಸಾರ್ವಜನಿಕ ಸ್ಥಳದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅಪರಾಧ ಅಂತ ಅದರಲ್ಲಿ ಬರೆದಿದೆ. ಮಂಗಳ ಗ್ರಹಕ್ಕೆ ನೌಕೆ ತಲುಪಿಸಿದ ಮರುವರ್ಷ ಈ ದೇಶದ ಪಾರ್ಲಿಮೆಂಟು ಕೂತು, ಹೊಲೆಯ ಮಾದಿಗರು ಸೈಕಲ್ ಹತ್ತಬಹುದು ಅಂತ ಬರೆಯಬೇಕಾಯ್ತು! ಇದನ್ನು ಹೆಮ್ಮೆ ಅನ್ನೋದೋ ನಾಚಿಕೆ ಅನ್ನೋದೋ ನೀವೇ ಹೇಳಿ. ಆ ಕಾಯ್ದೆಯಲ್ಲಿ ಬಾಡಿಗೆ ಮನೆಯ ಮಾತನ್ನು ಹುಡುಕಿದೆ. ಸೈಕಲ್ಲಿನ ಹಾಗೆ ಹೆಸರಿಟ್ಟು ಎಲ್ಲೂ ಬರೆದಿಲ್ಲ. ಬಹಿಷ್ಕಾರದ ಕಲಮಿಗೆ ಎಳೆದು ತಂದು ಸಾಧಿಸಬೇಕು. ಕಾಗದದ ಲೋಟವನ್ನು ಯಾವ ಕೋರ್ಟಿಗೆ ಒಯ್ಯಲಿ?

ಗಾಲಿಗೂ ಜಾತಿಗೂ ಇರೋ ಈ ನಂಟನ್ನು ಬಾಬಾಸಾಹೇಬರು ಮೈಯಲ್ಲೇ ಉಂಡಿದ್ದಾರೆ. 1929ರಲ್ಲಿ ಅವರು ಚಾಳೀಸ್‌ಗಾಂವ್‌ನಲ್ಲಿ ಇಳಿದಾಗ ಕೇರಿಯ ಜನ ಟಾಂಗಾ ಕರೆದರು. ಮಹಾರ್ ಒಬ್ಬನನ್ನು ಕೂರಿಸಿಕೊಂಡು ಓಡಿಸಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಕೊನೆಗೆ ಟಾಂಗಾ ಮಾತ್ರ ಬಾಡಿಗೆಗೆ ಸಿಕ್ಕಿತು, ಓಡಿಸಲು ಬಾರದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವೆಯ ಮೇಲೆ ಗಾಲಿ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಬ್ಯಾರಿಸ್ಟರ್ ಪದವಿ ಇತ್ತು, ಡಾಕ್ಟರೇಟ್ ಇತ್ತು. ಟಾಂಗಾದವನಿಗೆ ಅವು ಯಾವುವೂ ಕಾಣಲಿಲ್ಲ. ನನ್ನ ಬಿ.ಎ. ಯಾವ ಮೂಲೆಗೆ!

ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ತಂತು. ಒಳ್ಳೆಯ ಕೆಲಸ, ನಮ್ಮ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ದಾಟಿದ್ದು ಅದರ ಮೇಲೆ. ಆದರೆ ನಿಯಮದಲ್ಲಿ ಹಾಸ್ಟೆಲ್ ಮಕ್ಕಳನ್ನು ಬಿಟ್ಟಿದ್ದರು. ನಾನೂ ಹಾಸ್ಟೆಲ್ ಹುಡುಗ. ಸಹಪಾಠಿಗಳು ಹೊಸ ಬೆಲ್ಲು ಬಾರಿಸ್ತಾ ಮೈದಾನ ಸುತ್ತುವಾಗ ನಾವು ಸಾಲಾಗಿ ನಿಂತು ನೋಡಿದ್ದೆವು. ಅದೂ ಹೋಗಲಿ. ಡಿಗ್ರಿ ಮುಗಿದ ದಿನ ನಮ್ಮ ಟ್ರಂಕು ಹಾಸ್ಟೆಲಿನ ಗೇಟಿನಾಚೆ ಬೀಳುತ್ತಲ್ಲ, ಆಮೇಲೆ ನಾವು ಎಲ್ಲಿ ಮಲಗ್ತೀವಿ ಅಂತ ಯಾವ ಇಲಾಖೆಯೂ ಕೇಳೋದಿಲ್ಲ. 2013ರಲ್ಲಿ ಉಪಯೋಜನೆ ಕಾಯ್ದೆ ಬಂತು, ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣ ನಮಗೇ ಅಂತ. ಅದರ 7(ಡಿ) ಕಲಮು ಹಿಡಿದು, ಊರಿಗೆಲ್ಲ ಹಾಕಿದ ರಸ್ತೆಯನ್ನೂ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳೋಕೆ ದಾರಿ ಮಾಡಿಕೊಂಡರು. 2023ರಲ್ಲಿ ಆ ಕಲಮು ತೆಗೆದರು. ಹತ್ತು ವರ್ಷ ನಮ್ಮ ಪಾಲಿನ ಹಣ ಎಷ್ಟು ರಸ್ತೆಗೆ ಹೋಯ್ತೋ, ಆ ರಸ್ತೆಯಲ್ಲಿ ನನ್ನ ಸೈಕಲ್ಲಿಗೆ ಒಂದು ಗೇಣು ಜಾಗವಿಲ್ಲ.

ಇನ್ನು ನಮ್ಮವರ ಮಾತು. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಬೇರೆ ಜಾತಿ ಹೇಳಿ ರೂಮು ಹಿಡಿದಿದ್ದಾನೆ. ಬಾಬಾಸಾಹೇಬರ ಪಟ ಮಂಚದ ಕೆಳಗೆ, ಪೇಪರಿನಲ್ಲಿ ಸುತ್ತಿ. ಅವನ ಅವ್ವ ಊರಿಂದ ಬಂದರೆ ಬಸ್ ಸ್ಟ್ಯಾಂಡಿನಲ್ಲೇ ಮಾತಾಡಿಸಿ ಕಳಿಸ್ತಾನೆ, ಅವ್ವನ ಮಾತು ಕೇಳಿದರೆ ಮನೆಯವರಿಗೆ ಗೊತ್ತಾಗುತ್ತೆ ಅಂತ. ಅವನನ್ನು ನಾನು ಬೈಯಲ್ಲ. ಆ ಮೂರನೇ ಮನೆಯಲ್ಲಿ ಬೀದಿ ಯಾವುದು ಅಂತ ಕೇಳಿದಾಗ ನನ್ನ ನಾಲಿಗೆಯೂ ಒಂದು ಗಳಿಗೆ ತಡೆಯಿತು. ಸುಳ್ಳು ತುದಿಗೇ ಬಂದಿತ್ತು. ಹೇಳಿಬಿಟ್ಟಿದ್ದರೆ ತಿಂಗಳಿಗೆ 39 ಗಂಟೆ ಉಳೀತಿತ್ತು. ಅಪ್ಪ ಸೈಕಲ್ ಇಳಿದ ಜಾಗದಲ್ಲೇ ನಾನೂ ಇಳಿದಂಗೆ ಆಗ್ತಿತ್ತಲ್ಲ ಅನ್ನಿಸಿ ಕೇರಿಯ ಹೆಸರು ಹೇಳಿದೆ.

ಆದರೆ ಒಬ್ಬೊಬ್ಬನೇ ನಿಜ ಹೇಳಿ ಒಬ್ಬೊಬ್ಬನೇ ಪೆಡಲ್ ತುಳಿಯೋದರಿಂದ ಏನೂ ಆಗಲ್ಲ. ದುಡಿಯೋ ದಲಿತ ಯುವಕ ಯುವತಿಯರಿಗೆ ಕೈಗಾರಿಕಾ ಪ್ರದೇಶಗಳ ಬಳಿಯೇ ಹಾಸ್ಟೆಲ್ ಬೇಕು, ಉಪಯೋಜನೆಯ ಹಣದಲ್ಲೇ ಕಟ್ಟಬೇಕು ಅಂತ ಸಮಾಜ ಕಲ್ಯಾಣ ಇಲಾಖೆಯ ಮುಂದೆ ಕೂರಬೇಕು. ಬರಿಗೈಲಿ ಹೋದರೆ "ಮೈಸೂರಲ್ಲಿ ಎಲ್ಲಿದೆಯಪ್ಪ ಜಾತಿ?" ಅಂತಾರೆ. ಮುಂದಿನ ಸಭೆಗೆ ಬರುವಾಗ ಒಂದೊಂದು ಹಾಳೆ ತನ್ನಿ. ಯಾವ ಬಡಾವಣೆ, ಯಾವ ದಿನ, ಏನು ಕೇಳಿದರು, ಏನು ನೆಪ ಹೇಳಿದರು, ಅಷ್ಟು ಬರೆಯಿರಿ. ಸುಳ್ಳು ಹೇಳಿ ಮನೆ ಹಿಡಿದವರೂ ಬನ್ನಿ, ಹೆಸರು ಬರೆಯಬೇಡಿ. ನನ್ನ ಮೂರು ಮನೆಯದ್ದು ಬರೆದಿಟ್ಟಿದ್ದೀನಿ. ಸಭೆಗೆ ಸ್ವಲ್ಪ ತಡವಾಗಿ ಬರ್ತೀನಿ. ಡ್ಯೂಟಿ ಮುಗಿಸಿ ಹೆಬ್ಬಾಳದಿಂದ ತುಳ್ಕೊಂಡು ಬರಬೇಕಲ್ಲ.